ಊರಿಗೆ ಬರುವವರ ಪರೀಕ್ಷೆಗೆ ನಮ್ಮ ಸಂಘಗಳು ಜೊತೆಯಾಗಲಿ

ಹೊರದೇಶಗಳಲ್ಲಿರುವ ಕೊಡಗಿನ ಸಂಘ, ಸಮಾಜ, ಕೂಟ, ಜಮಾಅತ್ ಸಮಿತಿಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಎಲ್ಲ ಸದಸ್ಯರಿಗೆ,

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಮುಂದಿನ ಸಭೆಯಲ್ಲಿ ಕೈಲ್‌ಪೊಳ್ದ್ ಊಟದ ಲೆಕ್ಕ, ಪುತ್ತರಿ ಸಂಜೆಗೆ ಹಾಲ್ ಗೊತ್ತುಮಾಡುವುದು, ಇಫ್ತಾರ್ ಕೂಟದ ಏರ್ಪಾಡು ಎಲ್ಲವೂ ಮುಗಿದ ಮೇಲೆ ಇನ್ನೊಂದು ವಿಷಯಕ್ಕೆ ಅರ್ಧ ಗಂಟೆ ಕೊಡಿ. ಊರಿಗೆ ವಿಮಾನ ಹತ್ತಬೇಕಾದರೆ ಆರೋಗ್ಯ ಪರೀಕ್ಷೆ ಕಡ್ಡಾಯ ಎಂಬ ನಿಯಮ ಮತ್ತೊಮ್ಮೆ ಬಂದರೆ, ಆ ಪರೀಕ್ಷೆಯ ಏರ್ಪಾಡನ್ನು ಒಬ್ಬೊಬ್ಬ ಪ್ರಯಾಣಿಕನ ತಲೆಗೆ ಬಿಡದೆ ಸಂಘವೇ ವಹಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಸಿದ್ಧತೆಯನ್ನು ರೋಗವಿಲ್ಲದ ಈ ದಿನಗಳಲ್ಲೇ ಮಾಡಿಟ್ಟುಕೊಳ್ಳಬೇಕು. ಈ ಪತ್ರದ ಬೇಡಿಕೆ ಇಷ್ಟೇ.

ನಾನು ವಿರಾಜಪೇಟೆಯಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ನಡೆಸುವವನು. ಡಾಕ್ಟರಲ್ಲ, ಅಧಿಕಾರಿಯಲ್ಲ. ಆದರೆ 2020ರಿಂದ 2022ರವರೆಗೆ ಊರಿಗೆ ಬರಲು ಒದ್ದಾಡಿದವರ ಕಾಗದಪತ್ರಗಳು ನನ್ನ ಕಂಪ್ಯೂಟರಿನ ಮುಂದೆ ಹಾದುಹೋದವು. ರಿಯಾದಿನಲ್ಲಿರುವ ಮಗನ ಪಾಸ್‌ಪೋರ್ಟ್ ಪ್ರತಿಯನ್ನು ಉಮ್ಮ ಮೊಬೈಲಿನಲ್ಲಿ ತಂದು ತೋರಿಸುತ್ತಿದ್ದರು. ಲಂಡನ್ನಿನ ಸೊಸೆ ಕಳಿಸಿದ ಲ್ಯಾಬ್ ರಿಪೋರ್ಟನ್ನು ಮಾವನವರು ಪ್ರಿಂಟ್ ಹಾಕಿಸಿ, ಕನ್ನಡಕ ಏರಿಸಿ, ನನ್ನೆದುರಿಗೇ ಮೂರು ಸಲ ಓದುತ್ತಿದ್ದರು. ಸ್ವಾಬ್ ಕೊಡಬೇಕಾದವರು ಅಲ್ಲಿ, ಅರ್ಜಿ ತುಂಬುವವರು ಇಲ್ಲಿ. ಹೀಗೆ ನಡೆಯಿತು ನಮ್ಮ ಜಿಲ್ಲೆಯ ಬಹಳಷ್ಟು ಜನರ ಪ್ರಯಾಣ.

ಕೊರೋನಾ ಮುಗಿಯಿತಲ್ಲ, ಈಗೇಕೆ ಈ ಮಾತು ಎಂದು ನೀವು ಕೇಳಬಹುದು. ಮುಗಿಯಿತು ಎಂದುಕೊಂಡಿದ್ದು ಒಮ್ಮೆ ತಿರುಗಿ ಬಂದದ್ದನ್ನು ನೆನಪಿಸಿಕೊಳ್ಳಿ. ವಿದೇಶದಿಂದ ಬರುವವರು ವಿವರ ತುಂಬಬೇಕಿದ್ದ ‘ಏರ್ ಸುವಿಧಾ’ ಪೋರ್ಟಲ್ 2022ರ ನವೆಂಬರ್ 22ಕ್ಕೆ ನಿಂತಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಚೀನಾದಲ್ಲಿ ಸೋಂಕು ಏರಿದ್ದೇ ತಡ, ಡಿಸೆಂಬರ್ 29ರಂದು ಕೇಂದ್ರ ಸರ್ಕಾರದ ಪ್ರಕಟಣೆ ಬಂತು: ಚೀನಾ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಬರುವವರಿಗೆ 2023ರ ಜನವರಿ 1ರಿಂದ ಆರ್‌ಟಿಪಿಸಿಆರ್ ಕಡ್ಡಾಯ. ನಡುವೆ ಸಿಕ್ಕಿದ್ದು ಮೂರೇ ದಿನ, ಅದೂ ವರ್ಷಾಂತ್ಯದ ರಜೆಯಲ್ಲಿ. ಸಿಂಗಪುರದಿಂದ ಮಕ್ಕಳನ್ನು ಕರೆದುಕೊಂಡು ಹೊರಟು ನಿಂತವರು ಸೂಟ್‌ಕೇಸ್ ಬದಿಗಿಟ್ಟು ಲ್ಯಾಬ್ ಹುಡುಕಿದರು. ಫೆಬ್ರವರಿ 13ಕ್ಕೆ ಆ ನಿಯಮವೂ ಹೋಯಿತು. ಬಂದದ್ದು ದಿಢೀರನೆ, ಹೋದದ್ದು ಸದ್ದಿಲ್ಲದೆ. ಆ ಆರು ವಾರಗಳಲ್ಲಿ ಸಿಕ್ಕಿಕೊಂಡವರಿಗೆ ಮಾತ್ರ ಅದರ ನೆನಪಿದೆ.

ಇನ್ನು ಹಳದಿ ಜ್ವರದ ನಿಯಮವಂತೂ ಎಂದೂ ಹೋಗಿಯೇ ಇಲ್ಲ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಇರುವ ದೇಶಗಳಿಂದ ಭಾರತಕ್ಕೆ ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗಿದೆ. ಲಸಿಕೆ ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಆ ಕಾರ್ಡಿಗೆ ಬೆಲೆ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು, 2016ರಿಂದ ಆ ನಿಯಮ ಹಾಗೆ ಬದಲಾಗಿದೆ. ಕಾಫಿ ತೋಟದ ಕೆಲಸಕ್ಕೋ, ಕಂಪೆನಿ ಕೆಲಸಕ್ಕೋ ಆ ಕಡೆ ಹೋಗಿರುವ ನಮ್ಮವರಿಗೆ ಮನೆಯಿಂದ ‘ಅಪ್ಪನಿಗೆ ಹುಷಾರಿಲ್ಲ, ಬೇಗ ಬಾ’ ಎಂದು ಫೋನ್ ಬಂದ ದಿನ ಹತ್ತು ದಿನ ಕಾಯುವ ವ್ಯವಧಾನ ಇರುವುದಿಲ್ಲ.

ಪರೀಕ್ಷೆಯೇ ಬೇಡ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಪರೀಕ್ಷೆ ಇಲ್ಲದ ಕಾಲವನ್ನೂ ಕೊಡಗು ಕಂಡಿದೆ. 2020ರ ಮಾರ್ಚ್ 19ರಂದು ನಮ್ಮ ಜಿಲ್ಲೆಯ ಮೊದಲ ಸೋಂಕು ಗೊತ್ತಾಯಿತು. ಕೊಲ್ಲಿಯಿಂದ ಬಂದು, ಬೆಂಗಳೂರಿನಲ್ಲಿ ಇಳಿದು, ಬಸ್ಸಿನಲ್ಲಿ ಊರು ಸೇರಿದವರೊಬ್ಬರಿಗೆ ಅದು ತಗುಲಿತ್ತು. ಹೊರಡುವ ಮೊದಲು ಅವರ ಗಂಟಲ ದ್ರವ ತೆಗೆಯುವವರು ಯಾರೂ ಇರಲಿಲ್ಲ, ಅಂಥ ನಿಯಮವೂ ಇರಲಿಲ್ಲ. ತಮ್ಮೊಳಗೇನಿದೆ ಎಂದು ತಿಳಿಯುವ ದಾರಿಯೇ ಅವರಿಗೆ ಇರಲಿಲ್ಲ. ಆಮೇಲೆ ಬಸ್ಸಿನಲ್ಲಿದ್ದವರನ್ನೆಲ್ಲ ಹುಡುಕಿದರು, ಊರಿಗೆ ಊರನ್ನೇ ಮುಚ್ಚಿದರು. ಅವರು ಗುಣವಾಗಿ ಮನೆಗೆ ಮರಳಿದರು. ಆದರೆ ಆ ದಿನಗಳಲ್ಲಿ ಒಂದು ಕುಟುಂಬದ ಮೇಲೆ, ಒಂದು ಹಳ್ಳಿಯ ಮೇಲೆ, ಕೊಲ್ಲಿಯಿಂದ ಬಂದವರೆಲ್ಲರ ಮೇಲೆ ಬಿದ್ದ ಮಾತುಗಳನ್ನು ಕೇಳಿಸಿಕೊಂಡವರು ಪರೀಕ್ಷೆ ಬೇಡವೆನ್ನಲಾರರು. ಹೊರಡುವ ಮೊದಲೇ ಪರೀಕ್ಷೆಯಾದರೆ ಬರುವವನಿಗೂ ರಕ್ಷೆ, ಬಾಗಿಲು ತೆರೆಯುವ ಅಪ್ಪ ಅಮ್ಮನಿಗೂ ರಕ್ಷೆ. ಮೂರು ದಿನದ ಹಿಂದೆ ನೆಗೆಟಿವ್ ಬಂದವನಿಗೆ ಮರುದಿನವೇ ಸೋಂಕು ತಗುಲಬಹುದು, ನಿಜ. ಆದರೂ ತಿಳಿದೂ ತಿಳಿಯದೆ ರೋಗ ಹೊತ್ತು ವಿಮಾನ ಹತ್ತುವವರ ಸಂಖ್ಯೆಯನ್ನು ಅದು ಇಳಿಸುತ್ತದೆ.

ನನ್ನ ತಕರಾರು ನಿಯಮದ ಮೇಲಲ್ಲ. ನಿಯಮದ ಎದುರು ನಮ್ಮ ಜನರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿದ್ದರ ಮೇಲೆ.

ನಿಯಮ ಎಷ್ಟು ಸಲ ಬದಲಾಯಿತೆಂದು ನೋಡಿ. 2020ರ ಮೇ 7ರಂದು ವಂದೇ ಭಾರತ್ ವಿಮಾನಗಳು ಶುರುವಾದಾಗ, ಬಂದವರು ಸ್ವಂತ ಖರ್ಚಿನಲ್ಲಿ ಕ್ವಾರಂಟೈನ್ ಇರಬೇಕಿತ್ತು. ಆಗಸ್ಟ್ 8ರಿಂದ, 96 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಇದ್ದವರಿಗೆ ಹೋಟೆಲ್ ವಾಸದಿಂದ ವಿನಾಯಿತಿ ಸಿಕ್ಕಿತು. 2021ರ ಫೆಬ್ರವರಿಯ ಕೊನೆಯ ವಾರದಿಂದ 72 ಗಂಟೆಯೊಳಗಿನ ರಿಪೋರ್ಟ್ ಎಲ್ಲರಿಗೂ ಕಡ್ಡಾಯ. ಕೊಲ್ಲಿ, ಬ್ರಿಟನ್, ಯುರೋಪಿನಿಂದ ಬಂದವರಿಗೆ ಇಳಿದ ಮೇಲೆ ಮತ್ತೊಂದು ಪರೀಕ್ಷೆ. ಡಿಸೆಂಬರ್ 1ರಿಂದ ಒಮೈಕ್ರಾನ್ ಕಾರಣಕ್ಕೆ ಅಪಾಯದ ದೇಶಗಳ ಪಟ್ಟಿ, ಎಂಟನೆಯ ದಿನ ಮತ್ತೆ ಸ್ವಾಬ್. 2022ರ ಫೆಬ್ರವರಿ 14ರ ಹೊತ್ತಿಗೆ, ಪಟ್ಟಿಯಲ್ಲಿರುವ ದೇಶಗಳವರಾದರೆ ಲಸಿಕೆಯ ಪ್ರಮಾಣಪತ್ರವೇ ಸಾಕು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಓದಿ, ತನಗೆ ಯಾವುದು ಅನ್ವಯ ಎಂದು ತೀರ್ಮಾನಿಸಿ, ಅದರಂತೆ ನಡೆಯಬೇಕಾದವರು ಯಾರು? ಮಸ್ಕತ್ತಿನ ಕಟ್ಟಡದ ಕೆಲಸದಲ್ಲಿರುವ ಸಿದ್ದಾಪುರದ ಹುಡುಗ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಅಲ್ಲೇ ಉಳಿದುಕೊಂಡ ಪೊನ್ನಂಪೇಟೆಯ ಅಜ್ಜಿ.

ಅಜ್ಜಿಯಂಥವರ ಪಾಡು ಒಂದು ರೀತಿಯದು. ಅಮೆರಿಕದ ಔಷಧಿ ಅಂಗಡಿಗಳಲ್ಲಿ ಪರೀಕ್ಷೆ ಉಚಿತವಾಗಿ ಆಗುತ್ತಿತ್ತು, ಆದರೆ ರಿಪೋರ್ಟ್ ಇಷ್ಟೇ ಗಂಟೆಯೊಳಗೆ ಬರುತ್ತದೆಂಬ ಭರವಸೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯ ಉಚಿತ ಪರೀಕ್ಷೆಯನ್ನು ಪ್ರಯಾಣಕ್ಕೆ ಬಳಸುವಂತೆಯೇ ಇರಲಿಲ್ಲ, ಖಾಸಗಿ ಲ್ಯಾಬಿಗೆ ಹಣ ತೆತ್ತು ಮಾಡಿಸಬೇಕಿತ್ತು. ಅಲ್ಲಿ ಮಕ್ಕಳಿದ್ದಾರೆ, ಕಾರಿದೆ, ಕಾರ್ಡಿದೆ, ಹೇಗೋ ನಡೆಯುತ್ತದೆ.

ಕೊಲ್ಲಿಯ ಕೆಲಸಗಾರನ ಪಾಡು ಬೇರೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಸಮಿತಿಗಳಲ್ಲಿ ಕುಳಿತಿರುವವರಲ್ಲಿ ಹಲವರು ಕಚೇರಿ ಕೆಲಸದವರು, ಲೇಬರ್ ಕ್ಯಾಂಪಿನ ದಿನಚರಿ ನಿಮ್ಮ ಕಣ್ಣಿಗೆ ಬೀಳದೆ ಇರಬಹುದು. ಕಣ್ಣೂರಿಗೆ ವಿಮಾನ ಭಾನುವಾರ ಬೆಳಗಿನ ಜಾವ ಒಂದೂವರೆಗೆ ಎಂದಿಟ್ಟುಕೊಳ್ಳಿ. ಟಿಕೆಟಿನಲ್ಲಿ ಭಾನುವಾರ ಎಂದಿದ್ದರೂ ಅವನು ಹೊರಡಬೇಕಾದದ್ದು ಶನಿವಾರ ರಾತ್ರಿ. ಇಲ್ಲೇ ಕೆಲವರು ತಪ್ಪಿದರು. 72 ಗಂಟೆ ಹಿಂದಕ್ಕೆ ಎಣಿಸಿದರೆ ಗುರುವಾರ ಬೆಳಗಿನ ಜಾವ ಒಂದೂವರೆ ಆಗುತ್ತದೆ. ಬುಧವಾರ ಸಂಜೆ ಕೊಟ್ಟ ಸ್ವಾಬ್ ಹಳೆಯದಾಯಿತು. ಗುರುವಾರ ಹಗಲು ಅವನಿಗೆ ಡ್ಯೂಟಿ. ಶುಕ್ರವಾರ ರಜೆ, ಅಂದು ಹಲವು ಲ್ಯಾಬ್‌ಗಳೂ ಮುಚ್ಚಿರುತ್ತವೆ ಅಥವಾ ಸಂಜೆ ತೆರೆಯುತ್ತವೆ. ಶನಿವಾರ ಕೊಟ್ಟರೆ ರಾತ್ರಿಯೊಳಗೆ ರಿಪೋರ್ಟ್ ಬಂದೀತೆಂಬ ಖಾತ್ರಿ ಇಲ್ಲ. ಹಾಗಾಗಿ ಗುರುವಾರವೇ ಆಗಬೇಕು, ಅದಕ್ಕೆ ಫೋರ್‌ಮನ್ ರಜೆ ಕೊಡಬೇಕು, ಕ್ಯಾಂಪಿನಿಂದ ಪಟ್ಟಣಕ್ಕೆ ಗಾಡಿ ಸಿಗಬೇಕು, ಪರೀಕ್ಷೆಯ ಹಣ ಕೈಯಲ್ಲಿರಬೇಕು. ಕೆಲಸ ಕಳೆದುಕೊಂಡು, ಬಾಕಿ ಸಂಬಳವೂ ಬಾರದೆ ಹೊರಟವನಿಗೆ ಟಿಕೆಟಿನ ಮೇಲೆ ಇದೊಂದು ಖರ್ಚು.

ಇಷ್ಟೆಲ್ಲ ಆಗಿ ಕೈಗೆ ಬಂದ ರಿಪೋರ್ಟಿನಲ್ಲಿ ಹೆಸರು ಸರಿ ಇರಬೇಕು. ನನ್ನ ಅಂಗಡಿಯಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಈ ಹೆಸರಿನ ವಿಚಾರವೇ. ನಮ್ಮ ಕೊಡವರಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹೊರದೇಶದ ಲ್ಯಾಬಿನ ಗುಮಾಸ್ತನಿಗೆ ಕೊನೆಯದೇ ಕುಟುಂಬದ ಹೆಸರು. ಅವನು ತಿರುಗಿಸಿ ಬರೆಯುತ್ತಾನೆ, ಇನಿಷಿಯಲ್ ಬಿಡಿಸಿ ಬರೆಯುತ್ತಾನೆ, ಇಲ್ಲವೇ ಬಿಟ್ಟೇಬಿಡುತ್ತಾನೆ. ಮದುವೆಯಾದ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಪಾಸ್‌ಪೋರ್ಟಿನಲ್ಲಿ ತವರಿನ ಮನೆತನ, ಬೇರೆ ದಾಖಲೆಗಳಲ್ಲಿ ಗಂಡನ ಮನೆತನ. ಮುಸ್ಲಿಂ ಸಹೋದರರಲ್ಲಿ ಹಲವರ ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿ. ಲ್ಯಾಬಿನ ಕಂಪ್ಯೂಟರ್ ಖಾಲಿ ಬಿಡಲು ಒಪ್ಪದಿದ್ದರೆ ಒಂದೇ ಹೆಸರನ್ನು ಎರಡು ಸಲ ಬರೆದುಬಿಡುತ್ತಾರೆ. ಹೀಗಿರುವ ರಿಪೋರ್ಟನ್ನು ಕೌಂಟರಿನಲ್ಲಿ ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ. ಮಧ್ಯರಾತ್ರಿ ಹನ್ನೆರಡಕ್ಕೆ ವಿಮಾನ ನಿಲ್ದಾಣದಲ್ಲಿ ನಿಂತವನು ಯಾರಿಗೆ ಫೋನ್ ಮಾಡಬೇಕು? ಊರಿಗೆ ಮಾಡುತ್ತಾನೆ. ಊರಿನವರು ನನ್ನಂಥವರ ಬಾಗಿಲು ತಟ್ಟುತ್ತಾರೆ. ಲ್ಯಾಬ್ ಇರುವ ಪಟ್ಟಣದಲ್ಲೇ ನಮ್ಮ ಸಂಘದ ಕಾರ್ಯದರ್ಶಿಯೂ ಇರುತ್ತಾರೆ. ಆದರೆ ಅವರ ನಂಬರು ಆ ಹುಡುಗನ ಬಳಿ ಇರುವುದಿಲ್ಲ. ಈ ಮಾತು ನಿಮಗೆ ನೋವು ತರಬಹುದು, ಆದರೂ ಹೇಳಲೇಬೇಕು.

ಸಾವಿನ ಸಂದರ್ಭವನ್ನು ಬರೆಯದೆ ಮುಂದೆ ಹೋಗಲಾರೆ. ಮನೆಯಲ್ಲಿ ಸಾವಾಗಿ ತುರ್ತಾಗಿ ಬರುವವರಿಗೆ ನಿಯಮದಲ್ಲಿ ವಿನಾಯಿತಿ ಇತ್ತು. ಆದರೆ ಆ ವಿನಾಯಿತಿಗೂ ವಿಮಾನ ಹತ್ತುವ 72 ಗಂಟೆ ಮೊದಲು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕೆಂದು ಬರೆದಿತ್ತು. ನಮ್ಮಲ್ಲಿ ಮೃತದೇಹವನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ? ಒಂದು ದಿನ, ಹೆಚ್ಚೆಂದರೆ ಮರುದಿನ. ಮುಸ್ಲಿಂ ಮನೆಗಳಲ್ಲಿ ಅಷ್ಟೂ ಇಲ್ಲ. ತಾಯಿಯ ಮುಖ ನೋಡುವ ಆಸೆ ಬಿಟ್ಟು, ಆಮೇಲಿನ ತಿಥಿಕರ್ಮವಾದ ಮಾದಕ್ಕಾದರೂ ಬರುತ್ತೇನೆ ಎಂದು ಹೊರಟವರಿದ್ದರು. ಕೊನೆಗೆ ವಿಡಿಯೋ ಕಾಲ್‌ನಲ್ಲೇ ಅತ್ತವರಿದ್ದರು. ಆ ಕ್ಷಣದಲ್ಲಿ ಒಬ್ಬ ಮನುಷ್ಯ ಪೋರ್ಟಲ್ ತೆರೆದು ಮರಣ ದಾಖಲೆ ಅಪ್‌ಲೋಡ್ ಮಾಡುತ್ತ ಕೂರಬೇಕೆ? ಪಕ್ಕದಲ್ಲಿ ಕುಳಿತು ಅದನ್ನು ಮಾಡಿಕೊಡುವವರು ಬೇಕು. ಸಾವಿನ ಮನೆಗೆ ನೆರೆಹೊರೆಯವರು ಹೇಳದೆಯೇ ಬಂದು ಒಲೆ ಹಚ್ಚುವಂತೆ, ಈ ಕೆಲಸಕ್ಕೂ ಜನ ತಾವಾಗಿ ಬರಬೇಕು.

ಪಾಸಿಟಿವ್ ಬಂದವರ ಕಥೆ ಇನ್ನೂ ಒಂಟಿ. ಟಿಕೆಟ್ ಹೋಯಿತು, ವೀಸಾ ಮುಗಿಯುತ್ತ ಬಂತು, ರೂಮಿನವರು ಬೇರೆ ಕಡೆ ಇರು ಎಂದರು. ಆರ್‌ಟಿಪಿಸಿಆರ್ ವೈರಾಣುವಿನ ತುಣುಕನ್ನೂ ಹಿಡಿಯುವ ಪರೀಕ್ಷೆ. ಜ್ವರ ಬಿಟ್ಟು, ಬೇರೆಯವರಿಗೆ ಹರಡುವ ಸ್ಥಿತಿ ದಾಟಿದ ಮೇಲೂ ಕೆಲವರಿಗೆ ವಾರಗಟ್ಟಲೆ, ಮೂರು ತಿಂಗಳವರೆಗೂ, ಪಾಸಿಟಿವ್ ಬರುತ್ತಲೇ ಇರಬಹುದು. ಆರೋಗ್ಯವಾಗಿ ಓಡಾಡುವ ಮನುಷ್ಯ ಪ್ರತಿ ಸಲ ಹಣ ಕೊಟ್ಟು ಪರೀಕ್ಷೆ ಮಾಡಿಸಿ, ಪ್ರತಿ ಸಲ ಅದೇ ಉತ್ತರ ಪಡೆದು ಕಾದದ್ದುಂಟು. ಹೀಗೆ ದಾರಿ ಮುಚ್ಚಿದಾಗಲೇ ನಕಲಿ ರಿಪೋರ್ಟಿನ ದಂಧೆಯವರು ಬಾಗಿಲಿಗೆ ಬರುತ್ತಾರೆ. 2021ರಲ್ಲಿ ಕೇರಳದ ಗಡಿಯಲ್ಲಿ ತಿದ್ದಿದ ರಿಪೋರ್ಟ್ ತೋರಿಸಿ ಸಿಕ್ಕಿಬಿದ್ದವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅದು ಅಪರಾಧ, ಮನೆಯವರ ಜೀವಕ್ಕೂ ಅಪಾಯ. ಅದನ್ನು ನಾನು ಎಂದೂ ಸಮರ್ಥಿಸುವುದಿಲ್ಲ. ಆದರೆ ಕೈಹಿಡಿಯುವವರಿದ್ದರೆ ಆ ಬಾಗಿಲಿಗೆ ಹೋಗುವವರು ಕಡಿಮೆಯಾಗುತ್ತಾರೆ ಎಂದು ನಂಬಿದ್ದೇನೆ.

ಗಡಿ ಎಂದ ಮೇಲೆ ನಮ್ಮ ಮಾಕುಟ್ಟದ ಮಾತು ಬಂದೇ ಬರಬೇಕು. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ದಕ್ಷಿಣ ಕೊಡಗಿನವರಿಗೆ ಅದೇ ಹತ್ತಿರ. ಇಳಿದು, ಇರಿಟ್ಟಿ ದಾಟಿ, ಮಾಕುಟ್ಟದ ಕಾಡಿನ ಘಾಟಿ ಹತ್ತಿದರೆ ಪೆರುಂಬಾಡಿ, ವಿರಾಜಪೇಟೆ. ಆದರೆ ನಡುವೆ ರಾಜ್ಯದ ಗಡಿ ಇದೆ. 2020ರ ಮಾರ್ಚಿನಲ್ಲಿ ಆ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದರು. 2021ರ ಫೆಬ್ರವರಿಯಲ್ಲೂ ಮತ್ತೆ ಆಗಸ್ಟಿನಲ್ಲೂ ಕೇರಳದಿಂದ ಬರುವವರಿಗೆ ಕರ್ನಾಟಕ 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ಕೇಳಿತು. ಆಗಸ್ಟಿನಲ್ಲಿ ಲಸಿಕೆ ಹಾಕಿಸಿಕೊಂಡವರಿಗೂ ಬಿಡುವಿರಲಿಲ್ಲ. ಅಂದರೆ ನಮ್ಮವರಿಗೆ ಎರಡು ಗೇಟು, ಕೈಯಲ್ಲಿರುವುದು ಒಂದೇ ಕಾಗದ. ವಿಮಾನಕ್ಕೆ 70 ಗಂಟೆ ಮೊದಲು ಸ್ವಾಬ್ ಕೊಟ್ಟವನ ರಿಪೋರ್ಟ್ ವಿಮಾನ ಹತ್ತಲು ಸರಿ, ಮಾಕುಟ್ಟ ತಲುಪುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. 48 ಗಂಟೆಯ ಆಸುಪಾಸಿನಲ್ಲಿ ಕೊಟ್ಟರೆ ಎರಡೂ ಕಡೆ ನಡೆಯುತ್ತದೆ. ಇಂಥ ಲೆಕ್ಕ ದೆಹಲಿಯ ಸುತ್ತೋಲೆಯಲ್ಲಿ ಬರುವುದಿಲ್ಲ, ದುಬೈಯ ಟ್ರಾವೆಲ್ ಏಜೆಂಟನಿಗೂ ಗೊತ್ತಿರುವುದಿಲ್ಲ. ಕೊಡಗಿನವರೇ ಕೊಡಗಿನವರಿಗೆ ಹೇಳಬೇಕಾದದ್ದು.

ಆಗದ ಕೆಲಸವನ್ನು ನಾನು ಕೇಳುತ್ತಿಲ್ಲ. 2020ರ ಜೂನ್ ತಿಂಗಳಲ್ಲಿ ಕೇರಳ ಸರ್ಕಾರ ಬಾಡಿಗೆ ವಿಮಾನಗಳಲ್ಲಿ ಬರುವವರಿಗೆ ಪರೀಕ್ಷೆ ಕಡ್ಡಾಯ ಎಂದಾಗ, ಕೊಲ್ಲಿಯ ಮಲಯಾಳಿ ಸಂಘಟನೆಗಳು ಒಟ್ಟಾಗಿ ದನಿ ಎತ್ತಿದವು. ಪರೀಕ್ಷೆಯ ಸೌಲಭ್ಯವೇ ಇಲ್ಲದ ದೇಶಗಳಿವೆ, ಬಡವನು ಹಣ ಎಲ್ಲಿಂದ ತಂದಾನು ಎಂದು ಕೇಳಿದವು. ಕೊನೆಗೆ ಪರೀಕ್ಷೆ ಆಗದವರು ಪಿಪಿಇ ಕಿಟ್ ತೊಟ್ಟು ಬರಬಹುದೆಂದು ಸರ್ಕಾರ ಒಪ್ಪಿತು. ಕೆಎಂಸಿಸಿಯಂಥ ಸಂಘಟನೆಗಳು ತಾವೇ ವಿಮಾನ ಗೊತ್ತುಮಾಡಿ ಜನರನ್ನು ಕಳಿಸಿದವು. ಮುಂದೆ 2021ರ ಫೆಬ್ರವರಿಯಲ್ಲಿ, ಬಂದಿಳಿದವರ ಪರೀಕ್ಷೆಯ ಖರ್ಚನ್ನು ಕೇರಳ ಸರ್ಕಾರವೇ ಹೊತ್ತಿತು. ಒಗ್ಗಟ್ಟಿನ ದನಿಗೆ ಅಷ್ಟು ಬೆಲೆಯಿದೆ.

ನಮ್ಮದು ಚಿಕ್ಕ ಜಿಲ್ಲೆ. 2011ರ ಜನಗಣತಿಯಲ್ಲಿ 5,54,519 ಜನ. ಹೊರದೇಶದ ಒಂದು ನಗರದಲ್ಲಿ ನಾವು ಸಿಗುವುದೇ ಬೆರಳೆಣಿಕೆಯಷ್ಟು. ಅಷ್ಟರಲ್ಲೇ ಕೊಡವ ಸಮಾಜ ಒಂದು ಕಡೆ, ಗೌಡ ಸಮಾಜ ಒಂದು ಕಡೆ, ಜಮಾಅತ್ ಇನ್ನೊಂದು ಕಡೆ. ಹಬ್ಬಗಳನ್ನು ಬೇರೆ ಬೇರೆಯಾಗಿ ಮಾಡಿಕೊಳ್ಳಿ, ಅದು ನಿಮ್ಮ ಹಕ್ಕು, ನಮಗೂ ಸಂತೋಷ. ಈ ಒಂದು ಕೆಲಸಕ್ಕೆ ಮಾತ್ರ ಬೋರ್ಡು ಬದಿಗಿಟ್ಟು ಒಂದಾಗಿ. ಸಿದ್ದಾಪುರದ ಹುಡುಗನಿಗೆ ಕೊಡವ ಸಮಾಜದ ಕಾರ್ಯದರ್ಶಿಯೂ, ಪೊನ್ನಂಪೇಟೆಯ ಅಜ್ಜಿಗೆ ಜಮಾಅತ್ತಿನ ತರುಣನೂ ನೆರವಾಗುವಂತಿರಬೇಕು.

ಪ್ರತಿ ನಗರದಲ್ಲಿ ಈ ಕೆಲಸಕ್ಕೆಂದೇ ಒಬ್ಬರಿರಲಿ, ಜೊತೆಗೆ ಅವರು ಊರಲ್ಲಿಲ್ಲದಾಗ ನೋಡಿಕೊಳ್ಳುವ ಇನ್ನೊಬ್ಬರು. ನಿಯಮ ಬದಲಾದರೆ ಸರ್ಕಾರದ ಮೂಲ ಪ್ರಕಟಣೆಯನ್ನೇ ಓದಿ, ಅದನ್ನು ಸರಳ ಕನ್ನಡದಲ್ಲಿ, ಬೇಕಾದರೆ ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ, ಮಲಯಾಳದಲ್ಲಿ ಧ್ವನಿ ಸಂದೇಶ ಮಾಡಿ ಕಳಿಸುವುದು ಅವರ ಕೆಲಸ. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಬರುವ ಹಳೆಯ ನಿಯಮಗಳಿಂದ ಕೆಟ್ಟವರು ಬಹಳ, ಹಾಗಾಗಿ ಸಂದೇಶದ ಜೊತೆ ತಾರೀಖು ಇರಲೇಬೇಕು. ನಿಮ್ಮ ನಗರದ ಯಾವ ಲ್ಯಾಬ್ ರಜೆಯ ದಿನ ತೆರೆದಿರುತ್ತದೆ, ಎಷ್ಟು ಗಂಟೆಯಲ್ಲಿ ರಿಪೋರ್ಟ್ ಕೊಡುತ್ತದೆ, ಎಷ್ಟು ಹಣ ಎಂಬುದನ್ನು ಈಗಲೇ ಕೇಳಿ ಬರೆದಿಡಿ. ಸ್ವಾಬ್ ಕೊಡುವಾಗ ಜೊತೆಯಲ್ಲಿ ಹೋಗುವವರು ಪಾಸ್‌ಪೋರ್ಟ್ ತೆರೆದಿಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಸಲಿ. ಪಾಸ್‌ಪೋರ್ಟ್ ನಂಬರು, ಹುಟ್ಟಿದ ತಾರೀಖು, ಸ್ವಾಬ್ ತೆಗೆದ ಗಂಟೆ ರಿಪೋರ್ಟಿನಲ್ಲಿ ಇದೆಯೇ ಎಂದು ಅಲ್ಲೇ ನೋಡಲಿ. ನಡುವೆ ಬೇರೆ ದೇಶದಲ್ಲಿ ವಿಮಾನ ಬದಲಿಸುವವರು, ಗಂಟೆಯನ್ನು ಎಲ್ಲಿಂದ ಎಣಿಸುತ್ತಾರೆಂದು ವಿಮಾನ ಸಂಸ್ಥೆಯಿಂದ ಬರಹದಲ್ಲಿ ಕೇಳಿಕೊಳ್ಳಲಿ. ಹಣವಿಲ್ಲದವರ ಪರೀಕ್ಷೆಗೆಂದು ಸಣ್ಣ ನಿಧಿ ಇರಲಿ. ಒಂದು ಸಂಜೆಯ ಕಾರ್ಯಕ್ರಮದಲ್ಲಿ ವೇದಿಕೆಯ ಅಲಂಕಾರಕ್ಕೆ ಹಾಕುವಷ್ಟು ಸಾಕು. ಪಾಸಿಟಿವ್ ಬಂದವರಿಗೆ ಮಲಗಲು ಜಾಗ, ಬಾಗಿಲಿಗೆ ಊಟ ತಂದಿಡುವವರು, ದಿನಕ್ಕೊಮ್ಮೆ ಮಾತಾಡಿಸುವವರು ಬೇಕು. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಇದೇ ಆಗಬೇಕು. ಕಾಗದ ಹೇಗೋ ಹೊಂದಿಸಬಹುದು, ನಾಲ್ಕು ಗೋಡೆಯ ನಡುವೆ ಜ್ವರದಲ್ಲಿ ಒಬ್ಬನೇ ಮಲಗಿರುವವನ ಧೈರ್ಯವನ್ನು ಊರಿನಿಂದ ಫೋನಿನಲ್ಲಿ ಹೊಂದಿಸಲಾಗುವುದಿಲ್ಲ.

ಈ ಕಡೆಯ ಕೆಲಸಕ್ಕೆ ನಾವಿದ್ದೇವೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿದೆ, ಅಲ್ಲಿನ ಮತ್ತು ಜಿಲ್ಲಾ ಆರೋಗ್ಯ ಇಲಾಖೆಯ ಸೂಚನೆಗಳನ್ನು ನಿಮಗೆ ತಲುಪಿಸಬಹುದು. ಮಾಕುಟ್ಟ, ಕುಟ್ಟ ಚೆಕ್‌ಪೋಸ್ಟ್‌ಗಳಲ್ಲಿ ಆ ದಿನ ಏನು ಕೇಳುತ್ತಿದ್ದಾರೆ, ಮಳೆಗೆ ಘಾಟಿ ರಸ್ತೆ ತೆರೆದಿದೆಯೋ ಇಲ್ಲವೋ ಎಂಬುದು ನಮ್ಮ ಟ್ಯಾಕ್ಸಿಯವರಿಗೆ ಮೊದಲು ಗೊತ್ತಾಗುತ್ತದೆ. ನನ್ನಂತೆ ಅರ್ಜಿ ತುಂಬುವ ಅಂಗಡಿಯವರು ಗೋಣಿಕೊಪ್ಪ, ನಾಪೋಕ್ಲು, ಸೋಮವಾರಪೇಟೆ, ಕುಶಾಲನಗರದಲ್ಲೂ ಇದ್ದಾರೆ. ನಿಮ್ಮಲ್ಲಿ ಒಬ್ಬೊಬ್ಬರ ಹೆಸರು, ನಂಬರು ಸಿಕ್ಕರೆ ನಾವು ಅದನ್ನು ಇಲ್ಲಿನ ಮನೆಗಳಿಗೆ ಮುಟ್ಟಿಸುತ್ತೇವೆ. ಆಗ ಮಗ ಯಾವ ಊರಿನಲ್ಲಿದ್ದಾನೋ ಆ ಊರಿನವರ ನಂಬರು ತಾಯಿಯ ಹತ್ತಿರವೂ ಇರುತ್ತದೆ.

ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ಊರಿನ ಪತ್ರಿಕೆಗಳಿಗೆ ಬರೆದು ತಿಳಿಸಿ. ಡಿಸೆಂಬರಿನಲ್ಲಿ ಕಾಫಿ ಕುಯ್ಲು ಜೋರಾದರೆ ಇಲ್ಲಿ ಯಾರೂ ಕೈಗೆ ಸಿಗುವುದಿಲ್ಲ, ಅದಕ್ಕೆ ಮೊದಲೇ ಹೆಸರುಗಳು ಬಂದರೆ ಅನುಕೂಲ.

ಇಂತಿ,
ವಿರಾಜಪೇಟೆಯಿಂದ ನಿಮ್ಮವನೊಬ್ಬ